ಫ್ರೀಮೇಸನ್ ಸಂಘ ಮತ್ತು ಸದಸ್ಯರ ಅಂತರ್ಜಾಲ ಸಂಪರ್ಕ

ಫ್ರೀಮೇಸನ್ ಸಂಘವು ದೇವರಲ್ಲಿ ನಂಬಿಕೆಯುಳ್ಳ ವಯಸ್ಕ ಪುರುಷರು ಜಾತಿ, ಮತ, ಅಂತಸ್ತುಗಳನ್ನು ಬದಿಗಿಟ್ಟು ಸೇರುವ ಸೋದರಸಂಘ. ಇದರ ಸ್ಥಳೀಯ ಘಟಕಕ್ಕೆ ಲಾಡ್ಜ್ ಎಂದು ಹೆಸರು. ಕಲ್ಲುಕುಟಿಗರ ಕಸುಬಿನಿಂದ ಪಡೆದ ಸಂಕೇತಗಳ ಮೂಲಕ ನಡತೆಯನ್ನು ಬೋಧಿಸುವ ಮೂರು ಹಂತದ ದೀಕ್ಷೆ ಇದರ ಮುಖ್ಯ ಆಚರಣೆ. 1717ರಲ್ಲಿ ಲಂಡನ್ನಿನ ಲಾಡ್ಜ್‌ಗಳು ಒಂದುಗೂಡಿ ಮೊದಲ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು. ಜೇಮ್ಸ್ ಆಂಡರ್ಸನ್ ಸಿದ್ಧಪಡಿಸಿದ ನಿಯಮಸಂಹಿತೆ 1723ರಲ್ಲಿ ಪ್ರಕಟವಾಯಿತು.

ಭಾರತಕ್ಕೆ ಇದನ್ನು ತಂದವರು ಈಸ್ಟ್ ಇಂಡಿಯಾ ಕಂಪನಿಯ ವರ್ತಕರು ಮತ್ತು ಸೈನಿಕರು. ಹೀಗಾಗಿ ಬಂದರುಗಳಲ್ಲಿ, ದಂಡಿನ ಊರುಗಳಲ್ಲಿ ಬೇರೂರಿದ ಸಂಘ ಹಳ್ಳಿಗಳ ಬದುಕಿನೊಳಗೆ ಇಳಿಯಲಿಲ್ಲ. ದೇಶೀಯರಿಗೆ ಪ್ರವೇಶವೂ ಸಲೀಸಾಗಿ ಸಿಗಲಿಲ್ಲ. ಸಮಾನತೆಯನ್ನು ಸಾರುವ ಸಂಘಕ್ಕೆ ಇದು ಕಠಿಣ ಪರೀಕ್ಷೆಯೇ ಆಗಿತ್ತು. ಮುಂಬೈಯಲ್ಲಿ ವೈದ್ಯ ಜೇಮ್ಸ್ ಬರ್ನ್ಸ್ 1840ರ ದಶಕದಲ್ಲಿ ಭಾರತೀಯರನ್ನು ಸೇರಿಸಿಕೊಳ್ಳಲೆಂದೇ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಲಾಡ್ಜ್ ಸ್ಥಾಪಿಸಿದರು; ಪಾರ್ಸಿಗಳು ಅದರ ಮೂಲಕ ಒಳಬಂದರು. ಕಲ್ಕತ್ತಾದಲ್ಲಿ ಪ್ರಸನ್ನಕುಮಾರ ದತ್ತ ವರ್ಷಗಟ್ಟಲೆ ಹೋರಾಡಿದ ಮೇಲೆ 1872ರಲ್ಲಿ ಹಿಂದೂಗಳಿಗೂ ಬಾಗಿಲು ತೆರೆಯಿತು. 1884ರಲ್ಲಿ ಅದೇ ನಗರದ ‘ಆ್ಯಂಕರ್ ಅಂಡ್ ಹೋಪ್’ ಲಾಡ್ಜ್‌ನಲ್ಲಿ ದೀಕ್ಷೆ ಪಡೆದ ತರುಣ ನರೇಂದ್ರನಾಥ ದತ್ತ ಮುಂದೆ ಸ್ವಾಮಿ ವಿವೇಕಾನಂದರಾದರು.

1961ರ ನವೆಂಬರ್ 24ರಂದು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿತು. ರಾಂಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಕೆಲವು ಲಾಡ್ಜ್‌ಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಅಧೀನದಲ್ಲಿಯೇ ಉಳಿದವು. ಭಾರತೀಯ ಲಾಡ್ಜ್‌ಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರುಗ್ರಂಥ ಸಾಹಿಬ್, ಜೆಂದ್ ಅವೆಸ್ತಾಗಳನ್ನು ಒಟ್ಟಿಗೆ ಇಡುವ ಪದ್ಧತಿಯಿದೆ. ಸಂಘದ ಒಟ್ಟು ಚರಿತ್ರೆಯಲ್ಲಿ ಈ ನೆಲ ಕೊಟ್ಟ ಅತ್ಯಂತ ಬೆಲೆಯುಳ್ಳ ಕಾಣಿಕೆ ಇದು.

ಸದಸ್ಯರ ನಡುವಿನ ಸಂಪರ್ಕದ ರೀತಿ ಈಗ ಬದಲಾಗಿದೆ. ಸಭೆಯ ಕರೆಯೋಲೆಯನ್ನು ಹಿಂದೆ ಅಂಚೆಯಲ್ಲಿ ಕಳಿಸುತ್ತಿದ್ದರು. ಈಗ ಇಮೇಲ್ ಮತ್ತು ವಾಟ್ಸ್‌ಆ್ಯಪ್ ಆ ಕೆಲಸ ಮಾಡುತ್ತವೆ. ಕಾಯಿಲೆ, ಸಾವು, ದಾನದ ಅಗತ್ಯಗಳ ಸುದ್ದಿ ಕೂಡಲೇ ತಲುಪುತ್ತದೆ, ಊರು ಬಿಟ್ಟು ಹೋದ ಸದಸ್ಯನೂ ನಂಟು ಉಳಿಸಿಕೊಳ್ಳುತ್ತಾನೆ. ಆದರೆ ಲಾಡ್ಜ್ ಸೇರಿತು ಎನ್ನಲು ಸದಸ್ಯರು ಒಂದೇ ಕೋಣೆಯಲ್ಲಿರಬೇಕು, ಬಾಗಿಲಲ್ಲಿ ಟೈಲರ್ ಎಂಬ ಕಾವಲುಗಾರ ನಿಂತಿರಬೇಕು. ಪರದೆಯ ಆಚೆ ಯಾರು ಕುಳಿತಿದ್ದಾರೆಂದು ಟೈಲರ್‌ಗೆ ತಿಳಿಯುವುದಿಲ್ಲ. 2020ರಲ್ಲಿ ಕೊರೊನಾದಿಂದ ಸಭೆಗಳು ನಿಂತಾಗ ವಿಡಿಯೊ ಮೂಲಕ ಮಾತುಕತೆ, ಉಪನ್ಯಾಸಗಳು ನಡೆದವು. ಇಂಗ್ಲೆಂಡಿನ ಸಂಪ್ರದಾಯದಲ್ಲಿ ಅವನ್ನು ವಿಧಿವತ್ತಾದ ಲಾಡ್ಜ್ ಎಂದು ಪರಿಗಣಿಸಲಿಲ್ಲ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಸನ್ನದು ಕೊಟ್ಟ ‘ಇಂಟರ್ನೆಟ್ ಲಾಡ್ಜ್ 9659’ ಕೂಡ ಇದಕ್ಕೆ ಹೊರತಲ್ಲ. ನಾನಾ ದೇಶಗಳಲ್ಲಿರುವ ಅದರ ಸದಸ್ಯರು ಅಂತರ್ಜಾಲದಲ್ಲಿ ಮಾತಾಡಿಕೊಂಡರೂ ದೀಕ್ಷಾವಿಧಿಗೆ ಮುಖಾಮುಖಿಯಾಗಿಯೇ ಸೇರುತ್ತಾರೆ.

ಅಂತರ್ಜಾಲದಲ್ಲಿ ಯಾವುದನ್ನು ಬರೆಯಬಹುದು, ಯಾವುದನ್ನು ಬರೆಯಬಾರದು ಎಂಬುದಕ್ಕೆ ಆಂಡರ್ಸನ್ನನ ಸಂಹಿತೆಯೇ ಇಂದಿಗೂ ಸಾಕು. ಹೊರಗಿನವರ ಎದುರು ಮಾತಿನಲ್ಲಿ ಎಚ್ಚರವಿರಬೇಕು, ಸಭೆಯೊಳಗೆ ಮತದ ಮತ್ತು ರಾಜಕೀಯದ ಜಗಳ ಬರಬಾರದು ಎಂದು ಅದು ವಿಧಿಸುತ್ತದೆ. ಸದಸ್ಯನೊಬ್ಬ ತನ್ನ ಸದಸ್ಯತ್ವವನ್ನು ಬಹಿರಂಗಪಡಿಸಬಹುದು; ಗುರುತಿನ ಸಂಕೇತಗಳನ್ನು ಮಾತ್ರ ಗುಟ್ಟಾಗಿಡಬೇಕು. ಚುನಾವಣೆಯ ದಿನಗಳಲ್ಲಿ ಮೊಬೈಲ್ ಗುಂಪೊಂದರಲ್ಲಿ ಜಗಳ ಬೇಡವೆಂಬ ಕಟ್ಟಳೆಯನ್ನು ಪಾಲಿಸುವುದು ಮಾತಿನ ಎಚ್ಚರದ ಕಟ್ಟಳೆಗಿಂತ ಕಷ್ಟ.

ಹಣ ಕಟ್ಟಿಸಿಕೊಂಡು ಸಿರಿವಂತಿಕೆಯ ಆಸೆ ಹುಟ್ಟಿಸುವ ನಕಲಿ ‘ಸದಸ್ಯತ್ವ’ದ ಜಾಹೀರಾತುಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುತ್ತವೆ. ಅಸಲಿ ಲಾಡ್ಜ್ ಯಾರನ್ನೂ ಫೋನಿನಲ್ಲೇ ಸದಸ್ಯನನ್ನಾಗಿ ಮಾಡಿಕೊಳ್ಳುವುದಿಲ್ಲ: ಅರ್ಜಿದಾರನನ್ನು ಈಗಿರುವ ಸದಸ್ಯರು ಸೂಚಿಸಿ ಅನುಮೋದಿಸುತ್ತಾರೆ, ಅವನೊಡನೆ ಕುಳಿತು ವಿಚಾರಿಸುತ್ತಾರೆ, ಆಮೇಲೆ ಗುಪ್ತಮತದಿಂದ ನಿರ್ಧರಿಸುತ್ತಾರೆ.