ಕೋಗ್ನೆ ಸಾಹೇಬನ ಬಂದೂಕು

ಚುನಾವಣೆ ಬಂತೆಂದರೆ ನಮ್ಮ ಕಡೆ ಲೈಸೆನ್ಸಿನ ಬಂದೂಕುಗಳು ಪೊಲೀಸ್ ಠಾಣೆಗೆ ಹೋಗುತ್ತವೆ. ಒಪ್ಪಿಸಿ ರಸೀದಿ ಪಡೆಯಬೇಕು, ಮತ ಎಣಿಕೆ ಮುಗಿದ ಮೇಲೆ ತಿರುಗಿ ತರಬೇಕು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯೊಂದರಲ್ಲಿ ನನಗೆ ಕಾಕಾ ಆಗಬೇಕಾದವರು ಒಬ್ಬರಿದ್ದಾರೆ. ಅವರ ಮನೆಯಲ್ಲೂ ಅಂಥದೊಂದು ಜೋಡುನಳಿ ಬಂದೂಕು ಇದೆ. ಅದು ಗುಂಡು ಹಾರಿಸಿದ್ದನ್ನು ನಾನು ಕಂಡಿಲ್ಲ, ಠಾಣೆಗೆ ಹೋಗಿ ಬಂದಿದ್ದನ್ನು ಮಾತ್ರ ಕಂಡಿದ್ದೇನೆ.

ಈ ಸಲ ಅದು ಮನೆಗೆ ಬಂದ ಮೇಲೆ ಕಾಕಾನ ಮೊಮ್ಮಗ ಒಂದು ಕೆಲಸ ಹಚ್ಚಿದ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಅವನ ಶಾಲೆಯಲ್ಲಿ ಊರಿನ ಹಳೆಯ ಫೋಟೊ, ಕಾಗದಪತ್ರಗಳ ಪ್ರದರ್ಶನವಿತ್ತು. ಬಂದೂಕನ್ನು ಶಾಲೆಗೆ ಒಯ್ಯುವಂತಿಲ್ಲ, ಅದರ ಫೋಟೊ ಇಡಬಹುದು. ಫೋಟೊದ ಕೆಳಗೆ ಬರೆಯಲು ನಾಲ್ಕು ಸಾಲು ಬೇಕಿತ್ತು. ತಲೆಬರಹ ಅವನೇ ಯೋಚಿಸಿಟ್ಟಿದ್ದ: ‘ರಜಾಕಾರರನ್ನು ಓಡಿಸಿದ ಬಂದೂಕು’. ಪತ್ರಿಕೋದ್ಯಮ ಓದಿದವನು ಮನೆಯಲ್ಲೇ ಇರುವಾಗ ಉಳಿದದ್ದನ್ನು ಬೇರೆಯವರು ಯಾಕೆ ಬರೆಯಬೇಕು ಎಂದು ನನ್ನ ಪಾಲಿಗೆ ಬಂತು.

ಕತೆ ನನಗೂ ಗೊತ್ತಿತ್ತು. ಕಾಕಾ ಮತ್ತೊಮ್ಮೆ ಹೇಳಿದರು. “ಇದೇ ಬಂದೂಕ ಹಿಡ್ಕೊಂಡು ನಮ್ಮ ಮುತ್ಯಾ ಅಗಸ್ಯಾಗ ಕುಂತಿದ್ದ ನೋಡು. ರಜಾಕಾರರು ಊರ ಹೊಕ್ಕಲಿಲ್ಲ.”

“ಮಾಡಿದವ್ರು ಯಾರು ಕಾಕಾ?”

“ಕೋಗ್ನೆ ಸಾಹೇಬ. ನಳಿ ಮ್ಯಾಲ ಬರದದಲ್ಲ.”

ನಿಜ, ಎರಡು ನಳಿಗಳ ನಡುವಿನ ಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದಗಳಿದ್ದವು. ಮೊದಲನೆಯದು ಅಚ್ಚಾಯೊ, ಎರಡನೆಯದು ಕೋಗ್ನೆ. ಲೈಸೆನ್ಸ್ ಪುಸ್ತಕದಲ್ಲಿ ತಯಾರಕರ ಹೆಸರಿನ ಮುಂದೆಯೂ ಅದೇ ಇತ್ತು. ಕೋಗ್ನೆ ನಿಜಾಮನ ದರ್ಬಾರಿನಲ್ಲಿದ್ದ ಇಂಗ್ಲಿಷ್ ಸಾಹೇಬ, ಬಂದೂಕು ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ ಎಂಬುದು ಮನೆಯವರ ನಂಬಿಕೆ. ನಾಲ್ಕು ಸಾಲಿನಲ್ಲಿ ಒಂದು ಸಾಲು ಈ ಸಾಹೇಬನ ಬಗ್ಗೆ ಇರಲಿ ಎಂದು ಹುಡುಕಲು ಕುಳಿತೆ.

ಮೊದಲ ದಿನವೇ ಸಾಹೇಬ ಮಾಯವಾದ. ಅಚ್ಚಾಯೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಉಕ್ಕು. ಎರಡನೆಯ ಪದವನ್ನು ಅವರು ‘ಕೋನ್ಯೆ’ ಎನ್ನುತ್ತಾರೆ, ಅದೊಂದು ಊರು. ಇಟಲಿಯ ವಾಯುವ್ಯ ಮೂಲೆಯಲ್ಲಿ, ಆಲ್ಪ್ಸ್ ಪರ್ವತಗಳ ನಡುವಿನ ಆವೊಸ್ತಾ ಕಣಿವೆಯಲ್ಲಿದೆ. ಅಲ್ಲಿಯ ಬೆಟ್ಟದಲ್ಲಿ ಕಬ್ಬಿಣದ ಅದಿರಿನ ಗಣಿಯಿತ್ತು, 1979ರಲ್ಲಿ ಮುಚ್ಚಿತು. ಆ ಅದಿರಿನಿಂದ ಆವೊಸ್ತಾ ಪಟ್ಟಣದ ಕಾರ್ಖಾನೆಯಲ್ಲಿ ಉಕ್ಕು ಮಾಡುತ್ತಿದ್ದರು. ಅಂದರೆ ನಳಿಯ ಮೇಲೆ ಬರೆದದ್ದು ಮಾಡಿದವನ ಹೆಸರಲ್ಲ, ಮಾಡಿದ ಲೋಹದ ಹೆಸರು. ತಾಮ್ರದ ಕೊಡದ ಮೇಲೆ ‘ತಾಮ್ರ’ ಎಂದು ಬರೆದರೆ ಕಂಚುಗಾರನ ಹೆಸರೇ ತಾಮ್ರ ಎಂದುಕೊಂಡ ಹಾಗೆ ಆಗಿತ್ತು ನಮ್ಮ ಲೆಕ್ಕ. ಇಟಲಿಯ ಎಷ್ಟೋ ಬಂದೂಕುಗಳ ಮೇಲೆ ಹೀಗೆ ಉಕ್ಕಿನ ಹೆಸರಿರುತ್ತದೆ. ಕೆಲವದರ ಮೇಲೆ ಜರ್ಮನಿಯ ಕ್ರುಪ್ ಹೆಸರೂ ಇರುತ್ತದೆ. ಒಳ್ಳೆಯ ಉಕ್ಕು ಎಂದು ತೋರಿಸಿದರೆ ಮಾಲು ಬೇಗ ಹೋಗುತ್ತದೆ.

ಹಾಗಾದರೆ ಮಾಡಿದವರು ಯಾರು? ಬಂದೂಕು ಬಿಚ್ಚಿ ನೋಡಬೇಕಿತ್ತು. ಜೇವರ್ಗಿ ಕಡೆಯ ಹಿರಿಯರೊಬ್ಬರು ಮೊದಲು ಬಂದೂಕಿನ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡಿದವರು, ಈಗ ಕಣ್ಣು ಮಂಜು. ನಮ್ಮ ಕೋರಿಕೆಗೆ ಕಾಕಾನ ಮನೆಗೇ ಬಂದರು. ತೋಟಾ ಇಲ್ಲವೆಂದು ಎರಡು ಸಲ ಬೆರಳಿಟ್ಟು ನೋಡಿದರು, ಮುಂದಿನ ಮರದ ತುಂಡು ಕಳಚಿದರು, ಬಂದೂಕನ್ನು ಮಡಿಚಿ ನಳಿಗಳನ್ನು ಬೇರೆ ಮಾಡಿ ಅಂಗಾತ ಮಲಗಿಸಿದರು. “ಮ್ಯಾಲಿಂದು ಮಾರಾವ ಬರಸ್ತಾನ. ಖರೇದು ತೆಳಗ ಇರ್ತದ,” ಅಂದರು.

ತೋಟಾ ಹಾಕುವ ತುದಿಯಲ್ಲಿ, ನಳಿಗಳ ತಳದ ಚಪ್ಪಟೆ ಜಾಗದಲ್ಲಿ, ಒತ್ತೊತ್ತಾಗಿ ಸಣ್ಣ ಠಸ್ಸೆಗಳಿದ್ದವು. ಅಷ್ಟು ವರ್ಷ ಮನೆಯಲ್ಲಿದ್ದರೂ ಅವನ್ನು ಯಾರೂ ನೋಡಿರಲಿಲ್ಲ. ಫೋಟೊ ತೆಗೆದು ದೊಡ್ಡದು ಮಾಡಿ ಒಂದೊಂದಾಗಿ ಓದಿದೆವು.

ಒಂದು ಠಸ್ಸೆಯಲ್ಲಿ ಕತ್ತರಿಯಾಗಿ ಇಟ್ಟ ಎರಡು ಬಂದೂಕು, ಮೇಲೆ ನಕ್ಷತ್ರ. ಅದು ಉತ್ತರ ಇಟಲಿಯ ಬ್ರೆಷಾ ಪ್ರಾಂತ್ಯದ ಗಾರ್ದೋನೆ ವಾಲ್ ತ್ರೋಂಪಿಯಾ ಎಂಬ ಪಟ್ಟಣದ ಪರೀಕ್ಷಾ ಮನೆಯ ಗುರುತು. ಅಲ್ಲಿ ತಯಾರಾದ ಬಂದೂಕಿಗೆ ರೂಢಿಗಿಂತ ಹೆಚ್ಚು ಒತ್ತಡದ ತೋಟಾ ಹಾಕಿ ಹಾರಿಸಿ ನೋಡುತ್ತಾರೆ. ನಳಿ ಒಡೆಯಲಿಲ್ಲ, ಉಬ್ಬಲಿಲ್ಲ ಎಂದರೆ ಠಸ್ಸೆ ಬೀಳುತ್ತದೆ. 1910ರಲ್ಲಿ ಶುರುವಾದ ಈ ಮನೆ ಈಗಲೂ ಇದೆ. ಪಕ್ಕದಲ್ಲಿ ಪಿ.ಎಸ್.ಎಫ್. ಎಂಬ ಮೂರು ಅಕ್ಷರ, ಹೊಗೆಯಿಲ್ಲದ ಮದ್ದಿಗೆ ತಾಳಿದ ನಳಿ ಎಂದರ್ಥ. ಮುಂದೆ 12 ಎಂಬ ಅಂಕಿ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಗುಂಡು ಎರೆದರೆ ಒಂದೊಂದು ಗುಂಡು ಎಷ್ಟು ದಪ್ಪವೋ ನಳಿಯ ಬಾಯಿ ಅಷ್ಟು ಅಗಲ ಎಂಬುದು ಹಳೆಯ ಲೆಕ್ಕ, 12 ಬೋರ್ ಎನ್ನುವುದು ಅದಕ್ಕೇ. ಎಡನಳಿಗೆ ಒಂದು ಚುಕ್ಕಿ, ಬಲನಳಿಗೆ ಮೂರು. ಚುಕ್ಕಿ ಕಡಿಮೆಯಾದಷ್ಟೂ ನಳಿಯ ಮೂತಿ ಬಿಗಿ, ಚರೆಗಳು ದೂರದವರೆಗೆ ಚದುರದೆ ಹೋಗುತ್ತವೆ.

ಕೊನೆಯದು ಒಂದು ಸಣ್ಣ ಚೌಕಟ್ಟು. ಅದರೊಳಗೆ ಒಂದು ಕತ್ತರಿ ಗೆರೆ, ಪಕ್ಕಕ್ಕೆ ಮೂರು ನಿಂತ ಗೆರೆ. ರೋಮನ್ ಅಂಕಿಯ ಹದಿಮೂರು.

ನಾವು ಹುಡುಕುತ್ತಿದ್ದ ಹೆಸರಿಗಿಂತ ಇದು ದೊಡ್ಡ ಸುದ್ದಿಯಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಪರೀಕ್ಷಾ ಮನೆ ಪ್ರತಿ ವರ್ಷಕ್ಕೆ ಒಂದು ರೋಮನ್ ಅಂಕಿ ಕೊಟ್ಟಿತು. 1945ಕ್ಕೆ ಒಂದು, 1954ಕ್ಕೆ ಹತ್ತು, ಹೀಗೆ 1974ರವರೆಗೆ. 1975ರಿಂದ ಜೋಡಿ ಅಕ್ಷರಗಳು ಬಂದವು. ಹದಿಮೂರು ಎಂದರೆ 1957. ನಕ್ಷತ್ರವೂ ಅದನ್ನೇ ಹೇಳುತ್ತಿತ್ತು. ರಾಜರ ಕಾಲದಲ್ಲಿ ಇಟಲಿಯ ಠಸ್ಸೆಗಳ ಮೇಲೆ ಕಿರೀಟವಿರುತ್ತಿತ್ತು. 1946ರಲ್ಲಿ ಅಲ್ಲಿಯ ಜನ ಮತ ಹಾಕಿ ರಾಜಪದವಿ ತೆಗೆದುಹಾಕಿದರು. ಕೆಲವು ವರ್ಷಗಳಲ್ಲಿ ಠಸ್ಸೆಯ ಕಿರೀಟವೂ ಹೋಗಿ ಗಣರಾಜ್ಯದ ನಕ್ಷತ್ರ ಬಂತು.

ನಮ್ಮ ಕಡೆ ನಿಜಾಮನ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. 13ರಂದು ಭಾರತದ ಸೈನ್ಯ ಸೋಲಾಪುರದ ಕಡೆಯಿಂದ ನಳದುರ್ಗದತ್ತ ಹೊರಟಿತು, ಐದನೇ ದಿನಕ್ಕೆ ಎಲ್ಲ ಮುಗಿಯಿತು. ಖಾಸಿಂ ರಜ್ವಿಯ ರಜಾಕಾರರ ಹಾವಳಿ ಅದಕ್ಕೂ ಹಿಂದಿನದು. 1956ರ ನವೆಂಬರ್ 1ಕ್ಕೆ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಈ ಬಂದೂಕು ಅದರ ಮರುವರ್ಷ ಇಟಲಿಯಲ್ಲಿ ಪರೀಕ್ಷೆಯಾದದ್ದು. ಮುತ್ಯಾ ಅಗಸಿಯಲ್ಲಿ ಕೂತಾಗ ಇದು ಇನ್ನೂ ಹುಟ್ಟಿರಲಿಲ್ಲ. ಟ್ರಂಕಿನಲ್ಲಿದ್ದ ಮುತ್ಯಾನ ಹಳೆಯ ಲೈಸೆನ್ಸ್ ಪುಸ್ತಕ ತೆಗೆಸಿದರೆ ಅದರ ಮೊದಲ ಪುಟದಲ್ಲೇ ಮೈಸೂರು ಸರ್ಕಾರದ ಮೊಹರು ಇತ್ತು. ಎಲ್ಲರೂ ಕಂಡದ್ದೇ, ಯಾರೂ ಓದಿರಲಿಲ್ಲ.

ಕಾಕಾ ಆ ದಿನ ಊಟಕ್ಕೆ ಕೂತಾಗ ಮಾತಾಡಲಿಲ್ಲ. ಎದ್ದು ಕೈ ತೊಳೆದು ಇಷ್ಟೇ ಕೇಳಿದರು: “ಹಂಗಾದ್ರ ಮುತ್ಯಾ ಕುಂತದ್ದೂ ಸುಳ್ಳೇನು?”

ಇದಕ್ಕೆ ಠಸ್ಸೆಯಲ್ಲಿ ಉತ್ತರವಿರಲಿಲ್ಲ. ಬಂದೂಕಿನ ವಯಸ್ಸನ್ನು ಅದು ಹೇಳುತ್ತದೆ, ಮುತ್ಯಾ ಏನು ಮಾಡಿದ ಎಂಬುದನ್ನು ಹೇಳುವುದಿಲ್ಲ. ಆ ರಾತ್ರಿಗಳನ್ನು ಕಣ್ಣಾರೆ ಕಂಡವರು ಒಬ್ಬರೇ ಉಳಿದಿದ್ದರು: ಮುತ್ಯಾನ ಕಿರಿಯ ಮಗಳು, ಕಾಕಾನ ಸೋದರತ್ತಿ. ಆಳಂದ ತಾಲ್ಲೂಕಿಗೆ ಮದುವೆಯಾಗಿ ಹೋದವರು. ಪೊಲೀಸ್ ಆ್ಯಕ್ಷನ್ ಹೊತ್ತಿಗೆ ಹತ್ತು ವರ್ಷದ ಹುಡುಗಿ. ಬಂದೂಕಿನ ಫೋಟೊ ತೋರಿಸಿದೆವು.

“ಇದಲ್ಲೋ ತಮ್ಮಾ,” ಅಂದರು. “ಅದು ಒಂಟಿನಳಿ. ಬಾಯಿಲಿಂದ ಮದ್ದು ತುಂಬೂದು, ಭರಮಾರ ಅಂತಿದ್ವಿ. ಮಿಲಿಟ್ರಿ ಬಂದ ಮ್ಯಾಲ ಊರಾಗಿನ ಬಂದೂಕೆಲ್ಲಾ ಒಯ್ದ್ರು. ಅದೂ ಹೋತು. ಇದು ಆಮ್ಯಾಲ ನಮ್ಮಪ್ಪ ತಗೊಂಡಿದ್ದು.”

ಕಾಕಾನ ಮುಖ ಅರಳಿತು. ಮುತ್ಯಾ ಕೂತದ್ದು ನಿಜ, ಬಂದೂಕು ಬೇರೆ. ಅಷ್ಟಕ್ಕೇ ನಾವು ಎದ್ದು ಬರಬಹುದಿತ್ತು. ಆದರೆ ಅತ್ತಿ ಮಾತು ನಿಲ್ಲಿಸಲಿಲ್ಲ.

“ಬಂದೂಕ ಹೋದ ಮ್ಯಾಲ ನಮ್ಮಪ್ಪ ಮತ್ತೊಂದು ಸಲ ಬಾಗಲಾಗ ಕುಂತಿದ್ದ. ಅದನ್ಯಾರೂ ಹೇಳಂಗಿಲ್ಲ.”

ಆ ಎರಡನೆಯ ಸಲ ಬಂದವರು ರಜಾಕಾರರಲ್ಲ. ಸೈನ್ಯ ಬಂದ ಮೇಲಿನ ದಿನಗಳು. ಊರಿನ ಪಿಂಜಾರರ ಮನೆಯವರು, ಹೆಂಗಸರು ಮಕ್ಕಳು ಸೇರಿ, ಇವರ ಜೋಳದ ಕೋಣೆಯಲ್ಲಿ ಅಡಗಿದ್ದರು. ಅವರನ್ನು ಹೊರಗೆ ಹಾಕು ಎಂದು ಬಂದವರು ಸುತ್ತಲಿನ ಹಳ್ಳಿಯವರೇ, ಕೆಲವರು ಗುರುತಿನವರೇ. ಮುತ್ಯಾ ಹೊಸ್ತಿಲ ಮೇಲೆ ಕೂತು ಏಳಲಿಲ್ಲ.

“ಕೈಯಾಗ ಏನಿತ್ತು ಅತ್ತಿ?” ಕೇಳಿದರು ಕಾಕಾ.

“ಏನಿರಲಿಲ್ಲ. ಎಲಿಅಡಕಿ ಚೀಲ ಇತ್ತು.”

ಆ ತಿಂಗಳುಗಳಲ್ಲಿ ನಡೆದದ್ದನ್ನು ತಿಳಿಯಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಅವರ ಸಮಿತಿಯನ್ನು ಕಳಿಸಿತ್ತು. 1948ರ ಕೊನೆಗೆ ಅದು ಹೈದರಾಬಾದ್ ಸಂಸ್ಥಾನದಲ್ಲಿ ತಿರುಗಾಡಿತು. ಮುಸ್ಲಿಮರ ಮೇಲೆ ಅತಿ ಹೆಚ್ಚು ಹಿಂಸೆ ನಡೆದ ಜಿಲ್ಲೆಗಳೆಂದು ಅದು ಹೇಳಿದ್ದು ನಾಲ್ಕು: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಹಿಂದೂಗಳು ಪ್ರಾಣದ ಹಂಗು ತೊರೆದು ನೆರೆಯ ಮುಸ್ಲಿಮರನ್ನು ಕಾಪಾಡಿದ ಪ್ರಸಂಗಗಳನ್ನೂ ಅದೇ ವರದಿ ದಾಖಲಿಸಿದೆ. ನೇಕಾರರು ನೇಕಾರರನ್ನು ಉಳಿಸಿಕೊಂಡ ಉದಾಹರಣೆ ಕೊಡುತ್ತದೆ. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ನಮ್ಮ ಮನೆಗಳಲ್ಲೂ ಹಾಗೇ ಆಯಿತು. ರಜಾಕಾರರ ಕಾಲದ ಸಂಕಟವನ್ನು ಹೇಳಿದೆವು, ಹೇಳಬೇಕಾದದ್ದೇ. ಅದರ ಹಿಂದೆಯೇ ಬಂದ ಇನ್ನೊಂದು ಸಂಕಟವನ್ನು ನುಂಗಿದೆವು. ಕಾಕಾನ ಮನೆಯಲ್ಲಿ ಅದು ಇನ್ನೂ ಸುಲಭವಾಯಿತು. ಮೊದಲ ಕತೆಗೆ ತೋರಿಸಲು ಗೋಡೆಯ ಮೇಲೊಂದು ಬಂದೂಕಿತ್ತು, ಅದು ಬೇರೆ ಬಂದೂಕಾದರೂ ಸರಿ. ಎರಡನೆಯ ಕತೆಗೆ ತೋರಿಸಲು ಏನೂ ಇರಲಿಲ್ಲ.

ಮಾಡಿದವನ ಹೆಸರಿನ ಮಾತಿಗೆ ಬರುತ್ತೇನೆ. ಗಾರ್ದೋನೆಯ ಮೇಲಿನ ಬೆಟ್ಟಗಳಲ್ಲಿ ಕಬ್ಬಿಣದ ಗಣಿಗಳಿದ್ದವು, ಮೆಲ್ಲಾ ಹೊಳೆಯ ನೀರು ಕುಲುಮೆಯ ಚಕ್ರ ತಿರುಗಿಸುತ್ತಿತ್ತು. 1526ರಲ್ಲಿ ಅಲ್ಲಿಯ ಬಾರ್ತೊಲೊಮೆಯೊ ಬೆರೆತ್ತಾ ವೆನಿಸ್ ಗಣರಾಜ್ಯದ ಶಸ್ತ್ರಾಗಾರಕ್ಕೆ 185 ನಳಿಗಳನ್ನು ಮಾರಿದ ದಾಖಲೆ ಇದೆ. ಆ ಮನೆತನದ ಕಂಪನಿ ಇಂದಿಗೂ ಜಗತ್ತಿಗೆಲ್ಲ ಗೊತ್ತು. ಅದರ ನೆರಳಲ್ಲೇ ನೂರಾರು ವರ್ಷಗಳಿಂದ ಚಿಕ್ಕ ಚಿಕ್ಕ ಕುಲುಮೆಗಳಿದ್ದವು. ನಳಿ ಕೊರೆಯುವವನು ಒಬ್ಬ, ಬೀಗದ ಭಾಗ ಅರೆಯುವವನು ಇನ್ನೊಬ್ಬ, ಅಕ್ರೋಟಿನ ಮರ ಕೆತ್ತಿ ಹಿಡಿ ಕೂರಿಸುವವನು ಮತ್ತೊಬ್ಬ, ಹೂಬಳ್ಳಿ ಕೆತ್ತುವವನು ಮಗದೊಬ್ಬ. ನಮ್ಮ ಕಡೆ ಬಂಡಿ ಆಗುವಾಗ ಬಡಿಗೇರ, ಕಮ್ಮಾರ ಇಬ್ಬರೂ ಕೈಹಾಕುವ ಹಾಗೆ. ಇಂಥ ಕುಲುಮೆಗಳು ಎಷ್ಟೋ ಸಲ ಹೆಸರು ಹಾಕದೆಯೇ ಮಾಲು ಕೊಡುತ್ತಿದ್ದವು, ಬೇಕಾದರೆ ಮಾರುವ ಅಂಗಡಿಯವನು ತನ್ನ ಹೆಸರು ಕೆತ್ತಿಸಿಕೊಳ್ಳುತ್ತಿದ್ದ.

ವಿಜಯಪುರದ ಮಲಿಕ್ ಎ ಮೈದಾನ್ ತೋಪನ್ನು ಎಲ್ಲರೂ ನೋಡಿದ್ದೇವೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಎಂಬ ರೂಮಿ ಎಂದು ಅದರ ಮೈಮೇಲೆಯೇ ಬರೆದಿದೆ. ಸುಲ್ತಾನನ ತೋಪಿಗೆ ಆ ಭಾಗ್ಯ ಸಿಕ್ಕಿತು. ರೈತನ ಮನೆಯ ಬಂದೂಕಿಗೆ ಸಿಕ್ಕಿದ್ದು ಉಕ್ಕಿನ ಹೆಸರು, ಊರಿನ ಠಸ್ಸೆ, ಹದಿಮೂರೆಂಬ ಅಂಕಿ.

ಪ್ರದರ್ಶನಕ್ಕೆ ಬರೆಯುವ ಮೊದಲು ಕಾಕಾ ಪಿಂಜಾರರ ಮನೆಗೆ ಹೋದರು. ಆಗ ಕೋಣೆಯಲ್ಲಿ ಅಡಗಿದ್ದ ಕೂಸೊಂದರ ಮಗ ಈಗ ಊರಲ್ಲೇ ಗಾದಿ ಹೊಲಿಯುತ್ತಾರೆ. ಅವರಿಗೂ ಕತೆ ಗೊತ್ತಿತ್ತು. “ನೀವೇ ಹೇಳಲಿ ಅಂತ ನಾವು ಸುಮ್ಮಿದ್ವಿ,” ಅಂದರಂತೆ. ಬರೆಯಿರಿ, ಹೆಸರು ಬೇಡ ಎಂದರು.

ಶಾಲೆಯ ಗೋಡೆಗೆ ಹೋದದ್ದು ಬಂದೂಕಿನ ಫೋಟೊ ಅಲ್ಲ, ಮನೆಯ ಹೊಸ್ತಿಲ ಫೋಟೊ. ಕೆಳಗೆ ನಾಲ್ಕು ಸಾಲು: ‘1948ರಲ್ಲಿ ನಮ್ಮ ಮುತ್ಯಾ ಈ ಊರು ಕಾಯಲು ಎರಡು ಸಲ ಕೂತ. ಮೊದಲ ಸಲ ಅಗಸಿಯಲ್ಲಿ, ಕೈಯಲ್ಲಿ ಭರಮಾರ ಬಂದೂಕು ಇತ್ತು. ಎರಡನೆಯ ಸಲ ಈ ಹೊಸ್ತಿಲ ಮೇಲೆ, ನೆರೆಮನೆಯವರಿಗಾಗಿ. ಆಗ ಕೈ ಬರಿದಾಗಿತ್ತು.’

ಜೋಡುನಳಿ ತನ್ನ ಮೊಳೆಗೆ ಮರಳಿದೆ. ಮುಂದಿನ ಸಲ ಲೈಸೆನ್ಸ್ ನವೀಕರಣಕ್ಕೆ ಹೋದಾಗ ತಯಾರಕರ ಹೆಸರು ತಿದ್ದಿಸಲು ಅರ್ಜಿ ಬರೆದುಕೊಡು ಎಂದು ಕಾಕಾ ನನಗೆ ಹೇಳಿಟ್ಟಿದ್ದಾರೆ. ಕೋಗ್ನೆ ಎಂಬುದನ್ನು ತೆಗೆದು ‘ಗಾರ್ದೋನೆ, ಇಟಲಿ, 1957’ ಎಂದು ಬರೆಸಬೇಕಂತೆ.