ಗಿಟಾರಿನ ಬೆನ್ನು, ಬೀಟೆಯ ಬೆಲೆ

ವಾದ್ಯವೊಂದನ್ನು ಕೊಳ್ಳಲು ಅಂಗಡಿಗೆ ಹೋದವರು ಅದನ್ನು ಕಿವಿಯಿಂದ ಪರೀಕ್ಷಿಸುತ್ತಾರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕಿವಿ ತನ್ನ ತೀರ್ಪನ್ನು ಹೇಳುವುದಕ್ಕೆ ಮೊದಲೇ ಕಣ್ಣು ತನ್ನದನ್ನು ಹೇಳಿ ಮುಗಿಸಿರುತ್ತದೆ. ಮರದ ಬಣ್ಣ, ಅದರ ಮೆರುಗು, ಅದರ ಮೇಲೆ ಬರೆದಿರುವ ಹೆಸರು, ಕಟ್ಟಿದ ಬೆಲೆಚೀಟಿ ಇವೆಲ್ಲ ಸೇರಿ ನಾದ ಹೇಗಿದ್ದೀತೆಂಬುದನ್ನು ಮುಂಚಿತವಾಗಿಯೇ ನಮ್ಮ ಮನಸ್ಸಿಗೆ ತುಂಬಿಬಿಡುತ್ತವೆ. ಗಿಟಾರಿನ ಚರಿತ್ರೆಯಲ್ಲಿ ಕಣ್ಣು ಕಿವಿಗಳ ಈ ವ್ಯಾಜ್ಯ ನೂರೈವತ್ತು ವರ್ಷಗಳಿಗೂ ಹಳೆಯದು. ನಮ್ಮ ಮಲೆನಾಡಿನ ಬೀಟೆಯ ಮರವೂ ಅದರಲ್ಲಿ ಒಬ್ಬ ಕಕ್ಷಿಗಾರನಾಗಿ ನಿಂತಿದೆ ಎಂಬುದು ಕನ್ನಡಿಗರಾದ ನಾವು ಗಮನಿಸಬೇಕಾದ ಸಂಗತಿ.

ಗಿಟಾರ್ ಎಂಬ ಹೆಸರು ಸ್ಪ್ಯಾನಿಷ್ ಭಾಷೆಯ ‘ಗಿಟಾರ್ರ’ ಎಂಬುದರಿಂದ ಬಂದದ್ದು. ಅದಕ್ಕೂ ಹಿಂದೆ ಗ್ರೀಕರ ‘ಕಿಥಾರ’ ಇದೆ. ಹೆಸರು ದೂರದ್ದಾದರೂ ವಾದ್ಯದ ಅಂಗಗಳನ್ನು ನಮ್ಮ ವೀಣೆಯ ಮಾತುಗಳಿಂದಲೇ ವರ್ಣಿಸಬಹುದು. ತಂತಿಯನ್ನು ಬಿಗಿಯಲು ಬಿರಡೆಗಳಿವೆ, ಬೆರಳೊತ್ತಲು ಮೆಟ್ಟಿಲುಗಳಿವೆ, ತಂತಿಯನ್ನು ಹೊರಲು ಕುದುರೆಯಿದೆ. ತಂತಿಯೊಂದನ್ನೇ ಮೀಟಿದರೆ ಹೊರಡುವ ಸದ್ದು ತೀರ ಕ್ಷೀಣವಾದದ್ದು. ಅದರ ಕಂಪನವು ಕುದುರೆಯ ಮೂಲಕ ಮೇಲ್ಹಲಗೆಗೆ ಇಳಿದು, ಹಲಗೆ ಅದುರಿ, ಒಡಲಿನೊಳಗಿನ ಗಾಳಿಯನ್ನೂ ಅದುರಿಸಿದಾಗಲೇ ಅದು ನಾದವಾಗಿ ನಮ್ಮ ಕಿವಿಯನ್ನು ಮುಟ್ಟುತ್ತದೆ. ಈ ಮೇಲ್ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಶೀತದೇಶದ ಮರದ್ದು. ಹಗುರ, ಆದರೂ ಗಟ್ಟಿ. ಬೆನ್ನಿಗೂ ಪಕ್ಕೆಗಳಿಗೂ ಮಾತ್ರ ಕಡುಬಣ್ಣದ, ತೂಕದ, ಬೆಲೆಬಾಳುವ ಮರವನ್ನು ಬಳಸುವುದು ರೂಢಿ. ಆ ಬೆನ್ನಿನ ಮರಕ್ಕೆ ನಾದದಲ್ಲಿ ಎಷ್ಟು ಪಾಲು? ವ್ಯಾಜ್ಯವಿರುವುದು ಇಲ್ಲಿಯೇ.

ಈ ಪ್ರಶ್ನೆಯನ್ನು ಕೈಕೆಲಸದಿಂದಲೇ ಎತ್ತಿದವನು ಸ್ಪೇನಿನ ಆಂತೋನಿಯೊ ದೆ ತೋರೆಸ್. ಅಲ್ಮೇರಿಯ ಪಟ್ಟಣದ ಬಳಿ 1817ರಲ್ಲಿ ಹುಟ್ಟಿದ ಆತ ವೃತ್ತಿಯಿಂದ ಬಡಗಿ. ಸೆವಿಲ್ ನಗರದಲ್ಲಿ ಗಿಟಾರುಗಳನ್ನು ಮಾಡಲು ತೊಡಗಿ, ಅದರ ಒಡಲನ್ನು ಹಿರಿದುಗೊಳಿಸಿ, ಮೇಲ್ಹಲಗೆಯ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡ ತೆಳುಪಟ್ಟಿಗಳನ್ನು ಅಂಟಿಸುವ ವಿಧಾನವನ್ನು ಪಕ್ವಗೊಳಿಸಿದ. ಇಂದಿನ ಶಾಸ್ತ್ರೀಯ ಗಿಟಾರಿನ ಅಳತೆಗಳು ಹೆಚ್ಚಾಗಿ ಆತನವೇ. ನಾದದ ಗುಟ್ಟಿರುವುದು ಮೇಲ್ಹಲಗೆಯಲ್ಲಿ ಎಂಬುದು ತೋರೆಸನ ನಂಬಿಕೆ. ಅದನ್ನು ತೋರಿಸಲು ಆತ 1862ರಲ್ಲಿ ಒಂದು ವಿಚಿತ್ರವಾದ ಗಿಟಾರನ್ನು ಮಾಡಿದ. ಮೇಲ್ಹಲಗೆ ಸ್ಪ್ರೂಸ್ ಮರದ್ದು. ಬೆನ್ನೂ ಪಕ್ಕೆಗಳೂ ಕೇವಲ ರಟ್ಟು! ಆ ವಾದ್ಯ ಈಗ ಬಾರ್ಸೆಲೋನಾ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ತೋರೆಸನ ಗಿಟಾರುಗಳನ್ನು ಲೋಕಪ್ರಸಿದ್ಧಗೊಳಿಸಿದ ಫ್ರಾನ್ಸಿಸ್ಕೊ ತಾರ್ರೆಗ ಈ ರಟ್ಟಿನ ಗಿಟಾರನ್ನೂ ಬಲ್ಲವನಾಗಿದ್ದ. ಬಡತನದಲ್ಲಿಯೇ ಬಾಳಿದ ತೋರೆಸ್ 1892ರಲ್ಲಿ ತೀರಿಕೊಂಡ. ಆತ ಮಾಡಿದ ಗಿಟಾರುಗಳು ಸಂಗೀತ ಕಚೇರಿಗಳಿಗೆ ಹೋದವು. ರಟ್ಟಿನ ಗಿಟಾರು ಹೇಳಿದ ಮಾತು ಮಾತ್ರ ಅಂಗಡಿಗಳಿಗೆ ತಲುಪಲಿಲ್ಲ.

ಹಾಗೆ ತಲುಪದಿರುವುದಕ್ಕೆ ಕಾರಣವನ್ನು ತಿಳಿಯಬೇಕಾದರೆ ಗಿಟಾರಿನ ಇನ್ನೊಂದು ಕವಲನ್ನು ನೋಡಬೇಕು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನೋಯ್ಕಿರ್ಶೆನ್ ಎಂಬ ಊರಿನಲ್ಲಿ 1796ರಲ್ಲಿ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಹುಟ್ಟಿದ. ನಮ್ಮ ಶಾಸನಗಳು ಹೇಳುವ ಶ್ರೇಣಿಗಳಂತೆ ಅಲ್ಲಿಯೂ ವೃತ್ತಿಗೊಂದೊಂದು ಸಂಘವಿತ್ತು. ಗಿಟಾರು ಮಾಡುವ ಹಕ್ಕು ತಮ್ಮದೆಂದು ಪಿಟೀಲು ತಯಾರಕರ ಸಂಘ. ಆ ಕೆಲಸ ತಮಗೂ ಸಲ್ಲಬೇಕೆಂದು ಮೇಜು ಕಪಾಟುಗಳನ್ನು ಮಾಡುವ ಬಡಗಿಗಳು. ಮಾರ್ಟಿನ್ ಬಡಗಿಗಳ ಮನೆತನದವನು. ಈ ಜಗಳದಿಂದ ಬೇಸತ್ತು ಆತ 1833ರಲ್ಲಿ ಅಮೆರಿಕೆಗೆ ಹೊರಟುಹೋದ. ನ್ಯೂಯಾರ್ಕ್ ನಗರದಲ್ಲಿ ಆತ ತೆರೆದ ಅಂಗಡಿಯಲ್ಲಿ ಗಿಟಾರುಗಳ ಜೊತೆಗೆ ಇತರ ವಾದ್ಯಗಳೂ ತಂತಿಗಳೂ ಸ್ವರಲಿಪಿಯ ಹಾಳೆಗಳೂ ಮಾರಾಟವಾಗುತ್ತಿದ್ದವು. ಕೆಲವು ವರ್ಷಗಳ ತರುವಾಯ ಪೆನ್ಸಿಲ್ವೇನಿಯದ ನಜರೆತ್ ಎಂಬ ಊರಿಗೆ ತೆರಳಿದ. ಆತನ ಸಂಸ್ಥೆ ಇಂದಿಗೂ ಅಲ್ಲಿಯೇ ಇದೆ.

1840ರ ದಶಕದಲ್ಲಿ ಮಾರ್ಟಿನ್ ಗಿಟಾರುಗಳ ಮೇಲ್ಹಲಗೆಯ ಕೆಳಗೆ, ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟುವ ಎರಡು ಆಸರೆಪಟ್ಟಿಗಳು ಬಂದವು. ಆಗ ತಂತಿಗಳು ಪ್ರಾಣಿಗಳ ಕರುಳಿನವು. ಅವುಗಳ ಎಳೆತ ಅಷ್ಟಾಗಿ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಕ್ಕಿನ ತಂತಿ ಬಂದಾಗ ಈ ಆಸರೆಯ ಬೆಲೆ ಗೊತ್ತಾಯಿತು. ಉಕ್ಕಿನ ಆರು ತಂತಿಗಳು ಒಟ್ಟಾಗಿ ಎಳೆಯುವ ಬಲ ಸುಮಾರು 70ರಿಂದ 80 ಕಿಲೋಗ್ರಾಂ ತೂಕಕ್ಕೆ ಸಮ. ಅದನ್ನು ತಡೆಯಬೇಕಾದ ಮೇಲ್ಹಲಗೆಯ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ! ಒಬ್ಬ ಆಳಿನ ಭಾರವನ್ನು ಹೊತ್ತೂ ಅದು ಎಲೆಯಂತೆ ಅದುರಬೇಕು. ತಯಾರಕನ ವಿದ್ಯೆಯೆಲ್ಲ ಈ ಎರಡು ಬೇಡಿಕೆಗಳ ನಡುವಣ ಸಂಧಾನ. 1916ರಲ್ಲಿ ಬಾಸ್ಟನ್ ನಗರದ ವ್ಯಾಪಾರಿ ಸಂಸ್ಥೆಯೊಂದಕ್ಕಾಗಿ ಮಾರ್ಟಿನ್ ಕಾರ್ಖಾನೆ ತುಂಬ ದೊಡ್ಡ ಒಡಲಿನ ಗಿಟಾರನ್ನು ಮಾಡಿಕೊಟ್ಟಿತು. ಬ್ರಿಟಿಷರ ಯುದ್ಧನೌಕೆಯೊಂದರ ಹೆಸರನ್ನು ಹಿಡಿದು ಅದಕ್ಕೆ ‘ಡ್ರೆಡ್‌ನಾಟ್’ ಎಂದು ಕರೆದರು. ಇಂದು ನಮ್ಮ ಊರಿನ ಅಂಗಡಿಗಳ ಗೋಡೆಗೆ ತೂಗುಹಾಕಿರುವ ಉಕ್ಕಿನ ತಂತಿಯ ಗಿಟಾರುಗಳಲ್ಲಿ ಬಹುಪಾಲು ಈ ಆಕಾರದವೇ.

ಇಂತಹ ಗಿಟಾರುಗಳಲ್ಲಿ ಶ್ರೇಷ್ಠವೆನಿಸಿದವುಗಳ ಬೆನ್ನು ಬಹುಕಾಲ ಬ್ರೆಜಿಲ್ ದೇಶದ ರೋಸ್‌ವುಡ್ಡಿನದಾಗಿತ್ತು. 1960ರ ದಶಕದ ಕೊನೆಯ ಹೊತ್ತಿಗೆ ಬ್ರೆಜಿಲ್ ಅದರ ದಿಮ್ಮಿಗಳನ್ನು ಹೊರದೇಶಗಳಿಗೆ ಕಳುಹಿಸುವುದನ್ನು ತಡೆಯಿತು. 1969ರಲ್ಲಿ ಮಾರ್ಟಿನ್ ಸಂಸ್ಥೆ ಅದರ ಬದಲು ಭಾರತದ ರೋಸ್‌ವುಡ್ಡನ್ನು ಹಿಡಿಯಿತು. ಭಾರತದ ರೋಸ್‌ವುಡ್ ಎಂದರೆ ಬೇರೇನಲ್ಲ, ನಮ್ಮ ಬೀಟೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡಗಳ ಕಾಡುಗಳಲ್ಲಿಯೂ ಕಾಫಿತೋಟಗಳ ನೆರಳಿನ ಮರಗಳ ನಡುವೆಯೂ ಬೆಳೆಯುವ ಮರ. ಮೈಸೂರಿನ ಕೆತ್ತುಕೂಡಿಕೆಯ ಕೆಲಸಗಾರರು ದಂತವನ್ನು ಕೂರಿಸಿ ಅರಮನೆಯ ಬಾಗಿಲುಗಳನ್ನು ಮಾಡಿದ ಮರ. ಬ್ರೆಜಿಲ್ಲಿನದು ಸಿಕ್ಕದಿದ್ದಾಗ ‘ಅದರ ಬದಲಿಗೆ’ ಎಂದು ಬಂದದ್ದು ಕೆಲವೇ ವರ್ಷಗಳಲ್ಲಿ ತಾನೇ ಶ್ರೇಷ್ಠವೆನಿಸಿಕೊಂಡಿತು. 1992ರಲ್ಲಿ ಬ್ರೆಜಿಲ್ಲಿನ ಮರ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿದ ಮೇಲಂತೂ ಬೀಟೆಯ ಹೆಸರು ಗಿಟಾರಿನ ಲೋಕದಲ್ಲಿ ಒಂದು ಬಿರುದಿನಂತಾಯಿತು.

ಈ ಬಿರುದು ನಮ್ಮೂರಿನಲ್ಲಿ ಹೇಗೆ ಸಲ್ಲುತ್ತಿದೆಯೆಂಬುದನ್ನು ನೋಡುವ ಅವಕಾಶ ನನಗೆ ಒದಗಿದ್ದು ಮೊಮ್ಮಗಳ ದೆಸೆಯಿಂದ. ಪಿ.ಯು. ತರಗತಿಯಲ್ಲಿ ಓದುವ ಅವಳು ಗಿಟಾರು ಕೊಳ್ಳಬೇಕೆಂದಾಗ ಮೈಸೂರಿನ ಮೂರು ವಾದ್ಯದ ಅಂಗಡಿಗಳಿಗೆ ಅವಳ ಜೊತೆ ಹೋದೆ. ಮೂರರಲ್ಲಿಯೂ ಮೊದಲು ಬಂದ ಮಾತು ಒಂದೇ: “ಇದು ರೋಸ್‌ವುಡ್ ಸಾರ್.” ಅದರ ಬೆಲೆಯೂ ಪಕ್ಕದ್ದಕ್ಕಿಂತ ಹೆಚ್ಚು. ಮೂರನೆಯ ಅಂಗಡಿಯ ಯಜಮಾನರು ಸಜ್ಜನರು. ಬಿಡುವಿನ ಹೊತ್ತು ಬೇರೆ. ನನ್ನ ಕೋರಿಕೆಯಂತೆ ಮೂರು ಗಿಟಾರುಗಳನ್ನು ಒಂದೇ ಶ್ರುತಿಗೆ ಕೂಡಿಸಿಕೊಟ್ಟರು. ತಂತಿಗಳು ಮೂರಕ್ಕೂ ಹೊಸವು. ಹಳೆಯ ತಂತಿ ಎಷ್ಟು ಒಳ್ಳೆಯ ವಾದ್ಯವನ್ನಾದರೂ ಮಂಕಾಗಿಸುತ್ತದೆ. ಮೊಮ್ಮಗಳು ಒಂದೇ ಪಾಠವನ್ನು ಮೂರರಲ್ಲಿಯೂ ಮೊದಲು ಮೆಲ್ಲಗೆ, ಅನಂತರ ಜೋರಾಗಿ ನುಡಿಸಿದಳು. ನಾನು ಗೋಡೆಗೆ ಮುಖಮಾಡಿ ಕುಳಿತು ಕೇಳಿದೆ. ಮೂರು ಸುತ್ತುಗಳಲ್ಲಿ ಎರಡು ಸಲ ನನ್ನ ಮೆಚ್ಚುಗೆ ಬೆಲೆಯಲ್ಲಿ ನಡುವಣ ಗಿಟಾರಿಗೆ ಬಿತ್ತು; ಇನ್ನೊಂದು ಸಲ ಎಲ್ಲಕ್ಕಿಂತ ಅಗ್ಗದ್ದಕ್ಕೆ. ಆಮೇಲೆ ಅವಳು ಗೋಡೆಯ ಕಡೆಗೆ ತಿರುಗಿ ಕುಳಿತು, ಯಜಮಾನರಿಂದ ನುಡಿಸಿ ಕೇಳಿದಳು. ಬಹಳ ಹೊತ್ತು ಸುಮ್ಮನಿದ್ದು, “ತಾತ, ನಡುವೆ ನುಡಿಸಿದ್ದು ಬೆಚ್ಚಗಿದೆ. ಅದರದ್ದು ಬೆನ್ನು ಯಾವ ಮರ ಅಂತ ಮಾತ್ರ ಹೇಳಬೇಡಿ” ಎಂದಳು. ಯಜಮಾನರು ನಕ್ಕರು. “ಈ ಬೆಲೆಗೆ ರೋಸ್‌ವುಡ್ ಅಂದ್ರೆ ಪ್ಲೈವುಡ್ ಮೇಲೆ ಅಂಟಿಸಿದ ಒಂದು ಪದರ ಅಷ್ಟೇ ಸಾರ್. ಜನ ಹೆಸರು ಕೇಳ್ತಾರೆ, ನಾವೂ ಹೇಳ್ತೀವಿ” ಎಂದರು. ಆ ನಿಷ್ಕಪಟವಾದ ಮಾತಿಗೆ ಅವರಿಗೆ ನಾನು ಋಣಿ.

ಒಂದು ಮಧ್ಯಾಹ್ನದ ಆಟದಿಂದ ಏನೂ ಸಿದ್ಧವಾಗುವುದಿಲ್ಲ ಎಂದು ತಾವು ಹೇಳಬಹುದು, ಅದು ನ್ಯಾಯವೇ. ಆದರೆ ಇದೇ ಪರೀಕ್ಷೆಯನ್ನು ವಿದ್ವಾಂಸರು ಶಾಸ್ತ್ರೋಕ್ತವಾಗಿ ನಡೆಸಿದ್ದಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಸಿದ್ಧ ತಯಾರಕ ರಾಜರ್ ಬಕ್ನಲ್ ಅವರಿಂದ ಆರು ಗಿಟಾರುಗಳನ್ನು ಮಾಡಿಸಿದರು. ಆರೂ ಎಲ್ಲ ರೀತಿಯಲ್ಲಿ ಸಾಧ್ಯವಾದಷ್ಟು ಒಂದೇ ಸಮ. ಬೆನ್ನು ಪಕ್ಕೆಗಳ ಮರ ಮಾತ್ರ ಬೇರೆ ಬೇರೆ. ಅವುಗಳಲ್ಲಿ ಒಂದರದು ಬ್ರೆಜಿಲ್ಲಿನ ದುಬಾರಿ ಮರ, ಮತ್ತೊಂದರದು ನಮ್ಮ ಬೀಟೆ. ಉಳಿದವು ಮಹಾಗನಿ, ಮೇಪಲ್ ಮುಂತಾದ ಅಷ್ಟು ಬೆಲೆಯಿಲ್ಲದ ಮರಗಳವು. 52 ಮಂದಿ ಗಿಟಾರುವಾದಕರು ಮಬ್ಬುಬೆಳಕಿನ ಕೋಣೆಯಲ್ಲಿ, ಬೆಸುಗೆ ಹಾಕುವವರ ಕಪ್ಪು ಕನ್ನಡಕ ಧರಿಸಿ ಅವನ್ನು ನುಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶವಿಷ್ಟು: ಆರು ಗಿಟಾರುಗಳಿಗೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಮೆ ಒಂದೇ; ನಾದದಿಂದಾಗಲಿ ಸ್ಪರ್ಶದಿಂದಾಗಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ವಾದಕರಿಗೂ ಸುಲಭವಾಗಲಿಲ್ಲ. 1862ರ ರಟ್ಟಿನ ಗಿಟಾರು ಹೇಳಿದ್ದ ಮಾತಿಗೆ ನೂರೈವತ್ತಾರು ವರ್ಷಗಳ ಅನಂತರ ಸಾಕ್ಷಿ ದೊರೆತಂತಾಯಿತು.

ಹಾಗಾದರೆ ಎಲ್ಲ ಗಿಟಾರುಗಳೂ ಒಂದೇ ಎಂದರ್ಥವೆ? ಖಂಡಿತ ಅಲ್ಲ. ಮೇಲ್ಹಲಗೆ ಇಡಿಯಾದ ಮರವೋ ಪದರಗಳನ್ನು ಅಂಟಿಸಿದ್ದೋ, ಆಸರೆಪಟ್ಟಿಗಳನ್ನು ಎಷ್ಟು ತೆಳುವಾಗಿ ಕೆತ್ತಿದ್ದಾರೆ, ಕುತ್ತಿಗೆ ನೆಟ್ಟಗಿದೆಯೆ, ತಂತಿ ಮೆಟ್ಟಿಲಿನಿಂದ ಎಷ್ಟು ಎತ್ತರದಲ್ಲಿದೆ ಇವೆಲ್ಲ ನುಡಿಸುವವರ ಬೆರಳಿಗೂ ಕೇಳುವವರ ಕಿವಿಗೂ ಗೊತ್ತಾಗುತ್ತವೆ. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಗಿಟಾರುಗಳೂ ಅವಳಿಗಳಂತೆ ಇರುವುದಿಲ್ಲ. ಆದ್ದರಿಂದಲೇ ಅಂಗಡಿಗೆ ಹೋಗಿ, ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಒತ್ತಿ, ಎಲ್ಲಿಯಾದರೂ ಝರ್ ಎನ್ನುತ್ತದೆಯೆ ಎಂದು ಕೇಳಿ ಕೊಳ್ಳಬೇಕೆನ್ನುವುದು. ಕಿವಿಗೆ ಮಾಡಲು ಬೇಕಾದಷ್ಟು ಕೆಲಸವಿದೆ. ಮರದ ಹೆಸರು ಆ ಕೆಲಸವನ್ನು ಅದರ ಕೈಯಿಂದ ಕಿತ್ತುಕೊಳ್ಳಬಾರದು, ಅಷ್ಟೆ.

ಇದು ಕೊಳ್ಳುವವರ ಕಾಸಿನ ಪ್ರಶ್ನೆ ಮಾತ್ರವಾಗಿದ್ದರೆ ನಾನು ಇಷ್ಟು ವಿಸ್ತರಿಸುತ್ತಿರಲಿಲ್ಲ. ಬೀಟೆ ನಿಧಾನವಾಗಿ ಬೆಳೆಯುವ ಮರ. ಗಿಟಾರಿನ ಬೆನ್ನಿಗೆ ಬೇಕಾದಷ್ಟು ಅಗಲದ ತಿರುಳು ಕೂಡಬೇಕಾದರೆ ತಲೆಮಾರುಗಳೇ ಕಳೆಯಬೇಕು. ಅಳಿವಿನ ಅಪಾಯವನ್ನು ಎದುರಿಸುತ್ತಿರುವ ಜಾತಿಗಳ ಪಟ್ಟಿಯಲ್ಲಿ ಇಂದು ಅದರ ಹೆಸರಿದೆ. ಅದರ ದಿಮ್ಮಿಗಳ ರಫ್ತನ್ನು ನಮ್ಮ ದೇಶ ನಿಷೇಧಿಸಿದೆ. 2017ರ ಆರಂಭದಿಂದ ಅಂತರರಾಷ್ಟ್ರೀಯ ಒಪ್ಪಂದವೂ ಬೀಟೆಯ ಕುಲದ ಮರಗಳ ವ್ಯಾಪಾರಕ್ಕೆ ಪರವಾನಗಿಯ ಕಟ್ಟನ್ನು ವಿಧಿಸಿತು. ಗಿಟಾರುಗಳನ್ನು ದೇಶದಿಂದ ದೇಶಕ್ಕೆ ಮಾರುವುದು ಅದರಿಂದ ತೊಡಕಾದಾಗ ತಯಾರಕರೂ ವಾದಕರೂ ಅಹವಾಲು ಸಲ್ಲಿಸಿದರು. 2019ರ ನವೆಂಬರಿನಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಒಂದು ಮರವನ್ನು ಉಳಿಸಲು ಇಷ್ಟು ದೇಶಗಳು ಸೇರಿ ನಿಯಮ ಮಾಡಿ, ಮತ್ತೆ ತಿದ್ದಿ, ಚರ್ಚಿಸುತ್ತಿರುವಾಗ ಅಂಗಡಿಯಲ್ಲಿ ನಿಂತವರು ಮಾಡಬಹುದಾದದ್ದೂ ಒಂದಿದೆ. ಹೆಸರಿಗೆ ಹಣ ಕೊಡುವ ಮುನ್ನ ಒಮ್ಮೆ ಕಣ್ಣು ಮುಚ್ಚಿ ಕೇಳುವುದು.

ಮರವನ್ನು ಕಡಿಯಲೇಬಾರದೆಂದು ನಾನು ಹೇಳುತ್ತಿಲ್ಲ. ವೀಣೆಯೂ ಮರದ್ದೇ, ತಂಬೂರಿಯ ದಂಡಿಯೂ ಮರದ್ದೇ. ನಾದಕ್ಕಾಗಿ ಮನುಷ್ಯ ಮರದ ಋಣದಲ್ಲಿ ಬಿದ್ದು ಸಾವಿರಾರು ವರ್ಷಗಳಾದವು. ಆ ಋಣ ನಾದಕ್ಕಾಗಿಯೇ ಸಂದಿದ್ದರೆ ಅದಕ್ಕೊಂದು ಸಮಾಧಾನವಿದೆ. ಕೇಳಿಸದೆ ಇರುವ ವ್ಯತ್ಯಾಸವೊಂದಕ್ಕಾಗಿ, ಬರಿಯ ಬಣ್ಣಕ್ಕಾಗಿ, ನೂರು ವರ್ಷದ ಮರ ಉರುಳುವುದಾದರೆ ಸಮಾಧಾನಕ್ಕೆ ಎಡೆಯೆಲ್ಲಿ? ಅಲ್ಮೇರಿಯದ ಬಡಗಿ ಕೊಟ್ಟ ಉತ್ತರ ಇನ್ನೂ ಬಾರ್ಸೆಲೋನಾದಲ್ಲಿದೆ. ಕಾಡಿನಲ್ಲಿ ನಿಂತಿರುವ ಬೀಟೆಗೆ ಆ ಉತ್ತರ ತಲುಪುವುದು ಕೊಳ್ಳುವವರ ಕಿವಿಯ ಮೂಲಕವೇ ಆಗಬೇಕು.