ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ 1924ರ ವರ್ಷ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್ ಹುಟ್ಟಿದ್ದು 1908ರಲ್ಲಿ. ಜಗತ್ತು ಇಂದು ಬಲ್ಲ ರೂಪ ಅದಕ್ಕೆ ಬಂದದ್ದು 1924ರಲ್ಲಿ. ಆ ಒಂದು ವರ್ಷದಲ್ಲಿ ಎರಡು ಸಂಗತಿಗಳು ಕೂಡಿಬಂದವು. ಕಂಪನಿಯೊಂದರ ನಿಜವಾದ ಸಮಸ್ಯೆಯನ್ನು ತರಗತಿಯಲ್ಲಿ ಚರ್ಚಿಸಿ ಕಲಿಸುವ ಕೇಸ್ ಪದ್ಧತಿ ಶಾಲೆಯ ಮುಖ್ಯ ಬೋಧನಾ ಕ್ರಮವಾಗಿ ನೆಲೆಗೊಂಡಿತು. ನ್ಯೂಯಾರ್ಕಿನ ಬ್ಯಾಂಕರ್ ಜಾರ್ಜ್ ಫಿಶರ್ ಬೇಕರ್ 50 ಲಕ್ಷ ಡಾಲರ್ ಕೊಟ್ಟು, ಅದುವರೆಗೆ ಸ್ವಂತ ಸೂರಿಲ್ಲದ ಶಾಲೆಗೆ ಪೂರ್ತಿ ಆವರಣವನ್ನೇ ಕಟ್ಟಿಸಲು ಮುಂದೆ ಬಂದರು. ಕಣ್ಣಿಗೆ ಕಾಣುವ ಸಾಧನೆ ಎರಡನೆಯದು. ಆದರೆ ಬೇರೆ ದೇಶಗಳ ತರಗತಿಗಳನ್ನೂ ಬದಲಿಸಿದ್ದು ಮೊದಲನೆಯದು.

ವಿಶ್ವವಿದ್ಯಾಲಯದಲ್ಲಿ ವ್ಯಾಪಾರ ಕಲಿಸುವುದು ಹಾರ್ವರ್ಡ್ ಆರಂಭಿಸಿದ ಕೆಲಸವಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿಯ ದತ್ತಿಯಿಂದ 1881ರಲ್ಲೇ ವಾರ್ಟನ್ ಸ್ಕೂಲ್ ತೆರೆದಿತ್ತು. ಷಿಕಾಗೊ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳು 1898ರಲ್ಲಿ, ಡಾರ್ಟ್‌ಮತ್ ಕಾಲೇಜು 1900ರಲ್ಲಿ ಅದೇ ಹಾದಿ ಹಿಡಿದವು. ಹಾರ್ವರ್ಡ್‌ನ ವೈಶಿಷ್ಟ್ಯವೆಂದರೆ ಪದವಿ ಮುಗಿಸಿದವರಿಗೆ ಮಾತ್ರ ಪ್ರವೇಶವಿಟ್ಟು, ಎಂಬಿಎ ಎಂಬ ಹೊಸ ಸ್ನಾತಕೋತ್ತರ ಪದವಿಯನ್ನು ಕೊಟ್ಟದ್ದು. ವೈದ್ಯ, ವಕೀಲ, ಪಾದ್ರಿಗಳಿಗೆ ಶಿಕ್ಷಣ ಕೊಡುವ ವಿಶ್ವವಿದ್ಯಾಲಯ ಕಾರ್ಖಾನೆ, ರೈಲ್ವೆ, ಬ್ಯಾಂಕು ನಡೆಸುವವರಿಗೆ ಯಾಕೆ ಕೊಡಬಾರದು ಎಂಬುದು ಅಂದಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅವರ ಕಾಲದ ಪ್ರಶ್ನೆ. 1907ರ ಆರ್ಥಿಕ ಗಾಬರಿಯಲ್ಲಿ ಬ್ಯಾಂಕುಗಳ ಬಾಗಿಲಲ್ಲಿ ಜನ ಸಾಲುಗಟ್ಟಿದ ಮರುವರ್ಷವೇ ಶಾಲೆ ತೆರೆಯಿತೆಂಬುದನ್ನೂ ಇಲ್ಲಿ ನೆನೆಯಬೇಕು.

ಮೊದಲ ವರ್ಷ 15 ಮಂದಿ ಬೋಧಕರು, 33 ಮಂದಿ ಪೂರ್ಣಾವಧಿ ವಿದ್ಯಾರ್ಥಿಗಳು, 47 ಮಂದಿ ವಿಶೇಷ ವಿದ್ಯಾರ್ಥಿಗಳಿದ್ದರು. ಮೊದಲ ಡೀನ್ ಎಡ್ವಿನ್ ಗೇ ಆರ್ಥಿಕ ಇತಿಹಾಸಕಾರರು, ಜರ್ಮನಿಯಲ್ಲಿ ಓದಿ ಬಂದವರು. ಲೆಕ್ಕಶಾಸ್ತ್ರದ ತತ್ತ್ವಗಳು, ವಾಣಿಜ್ಯ ಕರಾರುಗಳು, ಅಮೆರಿಕದ ಆರ್ಥಿಕ ಸಂಪನ್ಮೂಲಗಳು, ಈ ಮೂರು ವಿಷಯ ಎಲ್ಲರಿಗೂ ಕಡ್ಡಾಯ. ಇವುಗಳಾಚೆ ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ವ್ಯಾಪಾರ ನಡೆಸುವವರು ಬರೆಯುವುದಿಲ್ಲ, ಬರೆಯುವ ಪ್ರಾಧ್ಯಾಪಕರು ವ್ಯಾಪಾರ ನಡೆಸಿದವರಲ್ಲ. ಹಾಗಾಗಿ ಪಠ್ಯಪುಸ್ತಕವೆಂಬುದೇ ಇರಲಿಲ್ಲ. ಉಪನ್ಯಾಸಗಳನ್ನು ಹೊರಗಿನವರಿಂದ ತುಂಬಿಸಬೇಕಾಯಿತು. ವೈಜ್ಞಾನಿಕ ಕಾರ್ಯನಿರ್ವಹಣೆಯ ಪ್ರತಿಪಾದಕ ಫ್ರೆಡರಿಕ್ ಟೇಲರ್ ಕೂಡ ಬಂದು ಉಪನ್ಯಾಸ ಕೊಟ್ಟರು.

ಈ ಕೊರತೆಯಿಂದಲೇ ಎರಡು ಒಳ್ಳೆಯ ಕೆಲಸಗಳು ಹುಟ್ಟಿಕೊಂಡವು. 1911ರಲ್ಲಿ ಶಾಲೆ ಒಂದು ವ್ಯವಹಾರ ಸಂಶೋಧನಾ ವಿಭಾಗವನ್ನು ತೆರೆದು, ಮೊದಲಿಗೆ ಚಪ್ಪಲಿ-ಬೂಟು ಅಂಗಡಿಗಳ ಲೆಕ್ಕಪತ್ರಕ್ಕೆ ಕೈಹಾಕಿತು. ಒಂದೊಂದು ಅಂಗಡಿ ಒಂದೊಂದು ಬಗೆಯಲ್ಲಿ ಖರ್ಚು ಬರೆದಿಡುತ್ತಿದ್ದುದರಿಂದ ಒಂದನ್ನು ಇನ್ನೊಂದಕ್ಕೆ ಹೋಲಿಸಲು ಬರುತ್ತಿರಲಿಲ್ಲ. ಎಲ್ಲರೂ ಬಳಸಬಹುದಾದ ಒಂದೇ ಮಾದರಿಯ ಲೆಕ್ಕದ ಕ್ರಮವನ್ನು ವಿಭಾಗ ಸಿದ್ಧಪಡಿಸಿತು. ಮಾರಾಟದಲ್ಲಿ ಬಾಡಿಗೆಗೆ ಎಷ್ಟು, ಸಂಬಳಕ್ಕೆ ಎಷ್ಟು ಹೋಗುತ್ತದೆ ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯದ ವಿದ್ವಾಂಸರು ಬೂಟಿನ ಅಂಗಡಿಗಳನ್ನು ಸುತ್ತಿ ಉತ್ತರ ಹುಡುಕಿದ್ದು ಅಂದಿನ ವಿದ್ವತ್ ಲೋಕದಲ್ಲಿ ಸಣ್ಣ ಮಾತಲ್ಲ.

ಇನ್ನೊಂದು ಕೆಲಸ ಷಿಕಾಗೊದ ಪ್ರಕಾಶಕ ಆರ್ಚ್ ಶಾ ಅವರದು. ಅವರು ಆರಂಭಿಸಿದ ವ್ಯವಹಾರ ನೀತಿಯ ತರಗತಿಗೆ ಒಬ್ಬ ಉದ್ಯಮಿ ಬಂದು, ತನ್ನ ಕಂಪನಿಯಲ್ಲಿ ಇನ್ನೂ ಬಗೆಹರಿಯದ ಸಮಸ್ಯೆಯೊಂದನ್ನು ವಿದ್ಯಾರ್ಥಿಗಳ ಮುಂದಿಡುತ್ತಿದ್ದರು. ವಿದ್ಯಾರ್ಥಿಗಳು ಅದನ್ನು ಯೋಚಿಸಿ ತಮ್ಮ ಪರಿಹಾರವನ್ನು ಬರೆದು ಕೊಡಬೇಕು. ಅದೇ ಉದ್ಯಮಿ ಮತ್ತೆ ಬಂದು ಆ ಬರಹಗಳನ್ನು ಹಿಡಿದು ಅವರೊಡನೆ ಚರ್ಚಿಸುತ್ತಿದ್ದರು. ಕೇಸ್ ಪದ್ಧತಿಯ ಬೀಜ ಇಲ್ಲಿದೆ. ಆದರೆ ಪ್ರತಿ ತರಗತಿಗೂ ಒಬ್ಬೊಬ್ಬ ಉದ್ಯಮಿಯನ್ನು ಕರೆತರಲು ಸಾಧ್ಯವಿರಲಿಲ್ಲ. ಸಮಸ್ಯೆಯನ್ನು ಕಾಗದದ ಮೇಲೆ ಇಳಿಸುವ ಕೌಶಲ ಬೇಕಿತ್ತು.

ಅದನ್ನು ಸಾಧ್ಯವಾಗಿಸಿದವರು 1919ರಲ್ಲಿ ಡೀನ್ ಆದ ವ್ಯಾಲೇಸ್ ಡೊನಮ್. ಅವರು ಹಾರ್ವರ್ಡ್‌ನಲ್ಲೇ ಕಾನೂನು ಓದಿ, ಬಾಸ್ಟನ್ನಿನಲ್ಲಿ ಬ್ಯಾಂಕಿನ ಕೆಲಸ ಮಾಡಿ ಬಂದವರು. ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಕ್ರಿಸ್ಟಫರ್ ಲ್ಯಾಂಗ್ಡೆಲ್ 1870ರಲ್ಲೇ ಉಪನ್ಯಾಸ ಬಿಟ್ಟು ನ್ಯಾಯಾಲಯದ ತೀರ್ಪುಗಳನ್ನು ಚರ್ಚಿಸುವ ಮೂಲಕ ಕಾನೂನು ಕಲಿಸಲು ತೊಡಗಿದ್ದರು. ತಾವು ಆ ಬಗೆಯಲ್ಲಿ ಕಲಿತದ್ದನ್ನು ಡೊನಮ್ ವ್ಯಾಪಾರ ಶಿಕ್ಷಣಕ್ಕೆ ತಂದರು. ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾನೂನಿನ ಪ್ರಕರಣದಲ್ಲಿ ನ್ಯಾಯಾಧೀಶರ ತೀರ್ಪು ಮೊದಲೇ ಇರುತ್ತದೆ, ಅದರ ಹಿಂದಿನ ತತ್ತ್ವವನ್ನು ವಿದ್ಯಾರ್ಥಿ ಹುಡುಕುತ್ತಾನೆ. ವ್ಯಾಪಾರದ ಪ್ರಕರಣದಲ್ಲಿ ತೀರ್ಪೇ ಇರುವುದಿಲ್ಲ. ಅರ್ಧಂಬರ್ಧ ಮಾಹಿತಿ ಇಟ್ಟುಕೊಂಡು ವಿದ್ಯಾರ್ಥಿಯೇ ನಿರ್ಧಾರಕ್ಕೆ ಬರಬೇಕು. ಈ ಬದಲಾವಣೆಯೇ ಪದ್ಧತಿಯ ಜೀವಾಳ.

ಮಾರಾಟಶಾಸ್ತ್ರದ ಪ್ರಾಧ್ಯಾಪಕ ಮೆಲ್ವಿನ್ ಕೋಪ್‌ಲ್ಯಾಂಡ್ ಆಗ ಒಂದು ಪಠ್ಯಪುಸ್ತಕದ ಕೆಲಸದಲ್ಲಿದ್ದರು. ಅದನ್ನು ಸಮಸ್ಯೆಗಳ ಸಂಗ್ರಹವಾಗಿ ತಿರುಗಿಸಿ ಬರೆಯುವಂತೆ ಡೊನಮ್ ಒತ್ತಾಯಿಸಿದರು. 1920ರಲ್ಲಿ ಆ ಸಂಗ್ರಹ ಪ್ರಕಟವಾಯಿತು. ಸಂಶೋಧನಾ ವಿಭಾಗದವರು ಕಂಪನಿಗಳಿಗೆ ಹೋಗಿ ಕೇಸ್ ಬರೆದು ತರುವುದು ಶಾಲೆಯ ಕಾಯಂ ಕೆಲಸವಾಯಿತು. 1921ರಲ್ಲಿ ಕ್ಲಿಂಟನ್ ಬಿಡಲ್ ಬರೆದ ಜನರಲ್ ಶೂ ಕಂಪನಿ ಎಂಬ ಕೇಸನ್ನು ಶಾಲೆಯ ಮೊದಲ ಕೇಸ್ ಎಂದು ಗುರುತಿಸುತ್ತಾರೆ. ಅದರ ಉದ್ದ ಒಂದೇ ಪುಟ. ಬೂಟಿನ ಕಾರ್ಖಾನೆಯೊಂದರಲ್ಲಿ ಕೆಲಸಗಾರರು ಪಾಳಿ ಮುಗಿಯಲು ಮುಕ್ಕಾಲು ಗಂಟೆ ಇರುವಾಗಲೇ ಕೈಕೆಲಸ ನಿಲ್ಲಿಸಿಬಿಡುತ್ತಾರೆ. ಯಾಕೆ, ಮತ್ತು ಯಜಮಾನ ಏನು ಮಾಡಬೇಕು? ದಂಡ ಹಾಕಿ ಎನ್ನುವವನೊಬ್ಬ, ಕೂಲಿಯ ಲೆಕ್ಕ ನೋಡಿ ಎನ್ನುವವನೊಬ್ಬ, ಮೊದಲು ಕೆಲಸಗಾರರನ್ನೇ ಕೇಳಿ ಎನ್ನುವವನು ಮತ್ತೊಬ್ಬ. ಇಷ್ಟಕ್ಕೇ ತರಗತಿಯೊಂದು ಕಾವೇರಲು ಸಾಕು. ದೊಡ್ಡ ಸಿದ್ಧಾಂತವಾಗಲಿ ಪ್ರಸಿದ್ಧ ಕಂಪನಿಯಾಗಲಿ ಇಲ್ಲದ ಈ ಒಂದು ಪುಟದ ಬರಹ, ಮುಂದೆ ಬಂದ ಮೂವತ್ತು ಪುಟಗಳ ಅಂಕಿ-ಅಂಶ ತುಂಬಿದ ಕೇಸುಗಳಿಗಿಂತ ಪದ್ಧತಿಯ ಉದ್ದೇಶವನ್ನು ಚೆನ್ನಾಗಿ ತಿಳಿಸುತ್ತದೆ. 1922ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆ ಹೊರಬಂತು. 1924ರ ಹೊತ್ತಿಗೆ ಉಪನ್ಯಾಸ ಹಿಂದೆ ಸರಿದು, ಕೇಸ್ ಚರ್ಚೆಯೇ ಶಾಲೆಯ ಮುಖ್ಯ ಬೋಧನೆಯಾಗಿತ್ತು.

ಅದೇ ವರ್ಷದ ಇನ್ನೊಂದು ಘಟನೆ ಬೇಕರ್ ಅವರ ದಾನ. ಶಾಲೆ ಅದುವರೆಗೆ ಕೇಂಬ್ರಿಜ್ ಊರಿನಲ್ಲಿರುವ ಹಾರ್ವರ್ಡ್‌ನ ಹಳೆಯ ಆವರಣದಲ್ಲಿ ಅಲ್ಲೊಂದು ಇಲ್ಲೊಂದು ಕೋಣೆಯನ್ನು ಎರವಲು ಪಡೆದು ನಡೆಯುತ್ತಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ವಿದ್ಯಾರ್ಥಿಗಳು ಹೆಚ್ಚಿದಾಗ ಆ ಕೋಣೆಗಳು ಸಾಲದಾದವು. ವಿಶ್ವವಿದ್ಯಾಲಯದ ನಿಧಿ ಸಂಗ್ರಹದ ಹೊಣೆ ಹೊತ್ತವರು ಮ್ಯಾಸಚೂಸೆಟ್ಸ್‌ನ ಬಿಷಪ್ ವಿಲಿಯಂ ಲಾರೆನ್ಸ್. ಅವರು ನ್ಯೂಯಾರ್ಕಿನ ಫಸ್ಟ್ ನ್ಯಾಷನಲ್ ಬ್ಯಾಂಕಿನ ಬೇಕರ್ ಅವರಲ್ಲಿ 10 ಲಕ್ಷ ಡಾಲರ್ ಕೇಳಿದರು. 84 ವರ್ಷದ ಬೇಕರ್ ಕೂಡಲೇ ಮಾತು ಕೊಡಲಿಲ್ಲ. ಕಡೆಗೆ ಅವರು ಹೇಳಿದ್ದು ಬಿಷಪ್ ನಿರೀಕ್ಷಿಸಿದ ಉತ್ತರವಲ್ಲ. 10 ಲಕ್ಷ ಕೊಡುವುದರಲ್ಲಿ ತಮಗೆ ಆಸಕ್ತಿಯಿಲ್ಲ, ಇಡೀ ಶಾಲೆಯನ್ನು ತಾವೊಬ್ಬರೇ ಕಟ್ಟಿಸುವ ಅವಕಾಶ ಸಿಗುವುದಾದರೆ 50 ಲಕ್ಷ ಕೊಡುತ್ತೇನೆ ಎಂದರು. ದಾನಿಗಳ ಪಟ್ಟಿಯಲ್ಲಿ ಹತ್ತರೊಳಗೊಬ್ಬರಾಗುವ ಬದಲು ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ತಾವೇ ಮಾಡಬೇಕೆಂಬ ಆ ವೃದ್ಧರ ಹಂಬಲದಿಂದ ಶಾಲೆಗೆ ಬಹಳ ಲಾಭವಾಯಿತು. ಕಟ್ಟಡಗಳು ಕಂತಿನಲ್ಲಿ ಬೆಳೆಯದೆ ಒಂದೇ ನಕ್ಷೆಯಲ್ಲಿ ಒಟ್ಟಿಗೆ ಎದ್ದವು.

ಚಾರ್ಲ್ಸ್ ನದಿಯ ಆಚೆ ದಡದಲ್ಲಿ, ಬಾಸ್ಟನ್ನಿನ ಕಡೆಗೆ, ಜಾಗ ಗೊತ್ತುಮಾಡಿದರು. ಮೆಕಿಮ್, ಮೀಡ್ ಅಂಡ್ ವೈಟ್ ಎಂಬ ವಾಸ್ತುಶಿಲ್ಪ ಸಂಸ್ಥೆ ಕೆಂಪು ಇಟ್ಟಿಗೆಯ ಜಾರ್ಜಿಯನ್ ಶೈಲಿಯ ಆವರಣವನ್ನು ರೂಪಿಸಿತು. ನಡುವೆ ಬೇಕರ್ ಗ್ರಂಥಾಲಯ, ಸುತ್ತ ವಿದ್ಯಾರ್ಥಿ ನಿಲಯಗಳು. ನಿಲಯಗಳಿಗೆ ಹ್ಯಾಮಿಲ್ಟನ್, ಗ್ಯಾಲಟಿನ್ ಮೊದಲಾದ ಅಮೆರಿಕದ ಹಣಕಾಸು ಮಂತ್ರಿಗಳ ಹೆಸರಿಟ್ಟರು. 1927ರ ಜೂನ್‌ನಲ್ಲಿ ಆವರಣದ ಉದ್ಘಾಟನೆಯಾಯಿತು. ಓದುವುದು, ಉಣ್ಣುವುದು, ಮಲಗುವುದು ಎಲ್ಲವೂ ಒಂದೇ ಕಡೆ ಆದ್ದರಿಂದ ಮರುದಿನದ ಕೇಸನ್ನು ರಾತ್ರಿ ಗುಂಪಾಗಿ ಕೂತು ಚರ್ಚಿಸುವ ರೂಢಿ ಬೆಳೆಯಿತು. 1924ರ ಎರಡು ಸಾಧನೆಗಳು ಒಂದಕ್ಕೊಂದು ಒದಗಿ ಬಂದದ್ದು ಹೀಗೆ.

ಆ ವರ್ಷ ಶಾಲೆಯ ಹೊರಗೆ ನಡೆದ ಒಂದು ಪ್ರಯೋಗವೂ ಮುಂದೆ ಅದರ ಹೆಸರಿಗೆ ಸೇರಿತು. ಷಿಕಾಗೊ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ, ಬೆಳಕು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುವುದೇ ಎಂದು 1924ರಲ್ಲಿ ಪರೀಕ್ಷಿಸತೊಡಗಿದರು. 1926ರಲ್ಲಿ ಬಿಸಿನೆಸ್ ಸ್ಕೂಲಿಗೆ ಬಂದ ಎಲ್ಟನ್ ಮೇಯೊ ಮತ್ತು ಅವರ ಸಹೋದ್ಯೋಗಿ ಫ್ರಿಟ್ಜ್ ರೋತ್ಲಿಸ್‌ಬರ್ಗರ್ ಆ ಅಧ್ಯಯನಗಳನ್ನು ಮುಂದುವರಿಸಿದರು. ಕೆಲಸಗಾರರ ನಡುವಣ ಸಂಬಂಧ, ಅವರನ್ನು ಗಮನಿಸಿ ಕೇಳುವ ರೀತಿ, ಇವೂ ಉತ್ಪಾದನೆಯನ್ನು ಬದಲಿಸುತ್ತವೆ ಎಂಬ ಅವರ ವಾದ ದೊಡ್ಡ ಚರ್ಚೆಗೆ ಕಾರಣವಾಯಿತು. ಅವರ ಅಂಕಿಗಳನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಆದರೂ ಸಿಬ್ಬಂದಿ ನಿರ್ವಹಣೆ ಎಂಬ ವಿಷಯವೇ ಆ ಚರ್ಚೆಯಿಂದ ಬಲ ಪಡೆಯಿತು.

ಕೇಸ್ ಪದ್ಧತಿಗೆ ತಕ್ಕ ಕೋಣೆ ಬಂದದ್ದು ತಡವಾಗಿ, 1953ರ ಆಲ್ಡ್ರಿಚ್ ಹಾಲ್‌ನಲ್ಲಿ. ಲಾಳಾಕಾರದಲ್ಲಿ ಮೇಲೇರುತ್ತ ಹೋಗುವ ಆಸನಗಳು, ತಗ್ಗಿನಲ್ಲಿ ಅಧ್ಯಾಪಕ, ಅವರ ಬೆನ್ನಿಗೆ ಕಪ್ಪುಹಲಗೆಗಳು. ಪ್ರತಿ ವಿದ್ಯಾರ್ಥಿಯ ಮುಂದೆ ಹೆಸರಿನ ಫಲಕ. ಅಧ್ಯಾಪಕ ಮುನ್ಸೂಚನೆಯಿಲ್ಲದೆ ಒಬ್ಬರ ಹೆಸರು ಕರೆದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಉಳಿದವರು ಆ ಉತ್ತರವನ್ನು ಎಳೆದಾಡುತ್ತಾರೆ. ಎಲ್ಲರಿಗೂ ಎಲ್ಲರ ಮುಖ ಕಾಣುವುದರಿಂದ ಅಡಗಿ ಕೂರಲು ಜಾಗವಿಲ್ಲ. ಎರಡು ವರ್ಷದಲ್ಲಿ ಸುಮಾರು 500 ಕೇಸುಗಳು ಹೀಗೆ ಚರ್ಚೆಯಾಗುತ್ತವೆ.

ಸಾಧನೆಯ ಈ ಚಿತ್ರದಲ್ಲಿ ಬಹುಕಾಲ ಮಹಿಳೆಯರಿಗೆ ಜಾಗವಿರಲಿಲ್ಲ. 1937ರಲ್ಲಿ ಪಕ್ಕದ ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನಲ್ಲಿ ಸಿಬ್ಬಂದಿ ನಿರ್ವಹಣೆಯ ಬೇರೆಯೇ ತರಬೇತಿ ಆರಂಭವಾಯಿತು. ಎರಡು ವರ್ಷದ ಪೂರ್ಣ ಎಂಬಿಎಗೆ ಎಂಟು ಮಂದಿ ಮಹಿಳೆಯರನ್ನು ಸೇರಿಸಿಕೊಂಡದ್ದು 1963ರಲ್ಲಿ, ಶಾಲೆ ತೆರೆದು 55 ವರ್ಷಗಳಾದ ಮೇಲೆ. 2014ರಲ್ಲಿ ಅಂದಿನ ಡೀನ್ ನಿತಿನ್ ನೋಹ್ರಿಯಾ ಶಾಲೆ ಮಹಿಳೆಯರನ್ನು ನಡೆಸಿಕೊಂಡ ರೀತಿಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಐದು ವರ್ಷದಲ್ಲಿ ಐದಕ್ಕೊಂದು ಕೇಸಿನಲ್ಲಾದರೂ ನಿರ್ಧಾರ ತೆಗೆದುಕೊಳ್ಳುವ ಸ್ಥಾನದಲ್ಲಿ ಮಹಿಳೆ ಇರುವಂತೆ ಮಾಡುವುದಾಗಿಯೂ ಹೇಳಿದರು. ಕೇಸಿನ ನಡುವೆ ಯಾರನ್ನು ನಿಲ್ಲಿಸುತ್ತೇವೆ ಎಂಬುದೂ ಪಾಠವೇ ಎಂಬ ಅರಿವು ಬಹಳ ತಡವಾಗಿ ಬಂತು.

ಪದ್ಧತಿಯ ಮೇಲಿನ ಇನ್ನೊಂದು ಆಕ್ಷೇಪವನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದೂವರೆ ಗಂಟೆಯೊಳಗೆ ಯಾವ ಉದ್ಯಮದ ಬಗ್ಗೆಯೂ ನಿರ್ಧಾರ ಹೇಳಬಲ್ಲೆ ಎಂಬ ಧೈರ್ಯವನ್ನು ಅದು ಬೆಳೆಸುತ್ತದೆ, ಆ ಉದ್ಯಮದ ಆಳದ ತಿಳಿವನ್ನಲ್ಲ. 2008ರ ಹಣಕಾಸು ಬಿಕ್ಕಟ್ಟಿನ ಬಳಿಕ ಈ ಮಾತು ಜೋರಾಯಿತು. ಅಹಮದಾಬಾದಿನ ಐಐಎಂನಲ್ಲಿ ಓದಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಶ್ರೀಕಾಂತ್ ದಾತಾರ್ ಇಬ್ಬರು ಸಹಲೇಖಕರೊಡನೆ 2010ರಲ್ಲಿ ಪ್ರಕಟಿಸಿದ ಅಧ್ಯಯನ, ಎಂಬಿಎ ಶಿಕ್ಷಣ ತಿಳಿವಳಿಕೆಗೆ ಕೊಟ್ಟಷ್ಟು ಒತ್ತನ್ನು ಕೈಯಾರೆ ಮಾಡುವುದಕ್ಕೂ ಮೌಲ್ಯಗಳಿಗೂ ಕೊಟ್ಟಿಲ್ಲ ಎಂದು ವಾದಿಸಿತು. ಮರುವರ್ಷದಿಂದ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ ನಿಜವಾದ ಸಂಸ್ಥೆಗಳಿಗೆ ಕೆಲಸ ಮಾಡಿಸುವ ಕ್ರಮ ಶಾಲೆಯ ಪಠ್ಯದಲ್ಲಿ ಸೇರಿತು. ಅದೇ ದಾತಾರ್ 2021ರ ಜನವರಿಯಲ್ಲಿ ಶಾಲೆಯ ಡೀನ್ ಆದರು.

ಭಾರತಕ್ಕೆ ಕೇಸ್ ಪದ್ಧತಿ ಬಂದದ್ದು ಅಹಮದಾಬಾದಿನ ಮೂಲಕ. 1961ರಲ್ಲಿ ವಿಕ್ರಂ ಸಾರಾಭಾಯಿ ಅವರ ಮುಂದಾಳತನದಲ್ಲಿ ಅಲ್ಲಿ ಐಐಎಂ ಸ್ಥಾಪನೆಯಾದಾಗ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಸಹಯೋಗ ನೀಡಿತು, ಫೋರ್ಡ್ ಪ್ರತಿಷ್ಠಾನ ನೆರವಾಯಿತು. ಅಲ್ಲಿನ ಅಧ್ಯಾಪಕರು ಹಾರ್ವರ್ಡ್‌ಗೆ ಹೋಗಿ ತರಬೇತಿ ಪಡೆದು ಬಂದು, ಭಾರತದ ಕಾರ್ಖಾನೆ, ಸಹಕಾರ ಸಂಘಗಳ ಕೇಸುಗಳನ್ನು ಬರೆಯತೊಡಗಿದರು. ಬೆಂಗಳೂರಿನ ಐಐಎಂ ತೆರೆದದ್ದು 1973ರಲ್ಲಿ, ಸಾರ್ವಜನಿಕ ಉದ್ಯಮಗಳ ಅಗತ್ಯವನ್ನು ವಿಶೇಷವಾಗಿ ಗಮನದಲ್ಲಿಟ್ಟು. ಬನ್ನೇರುಘಟ್ಟ ರಸ್ತೆಯಲ್ಲಿರುವ ಅದರ ಕಲ್ಲಿನ ಆವರಣವನ್ನು ರೂಪಿಸಿದವರು ವಾಸ್ತುಶಿಲ್ಪಿ ಬಿ.ವಿ. ದೋಷಿ. ಅಹಮದಾಬಾದಿನ ಐಐಎಂ ಆವರಣದ ಕೆಲಸದಲ್ಲಿ ಅವರು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರ ಜೊತೆಗಿದ್ದವರು.

ಮುಂದೆ ಈ ಕಡೆಯ ಅನುಭವವೂ ಹಾರ್ವರ್ಡ್ ತರಗತಿಗೆ ಹೋಯಿತು. ಮಧುರೈಯ ಅರವಿಂದ ಕಣ್ಣಾಸ್ಪತ್ರೆಯ ಬಗ್ಗೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ವಿ. ಕಸ್ತೂರಿ ರಂಗನ್ ಬರೆದ ಕೇಸ್ 1993ರದು. ಬೆಂಗಳೂರಿನ ನಾರಾಯಣ ಹೃದಯಾಲಯವು ಬಡವರಿಗೂ ಎಟಕುವ ಬೆಲೆಯಲ್ಲಿ ಹೃದಯ ಚಿಕಿತ್ಸೆ ಮಾಡುವುದು ಹೇಗೆ ಎಂಬ ಕೇಸ್ 2005ರಲ್ಲಿ ಬಂತು. ಬೆಂಗಳೂರಿನ ಐಐಎಂ ಅಧ್ಯಾಪಕರು ಬರೆದ ಕೇಸುಗಳನ್ನೂ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಕಾಶನ ಸಂಸ್ಥೆ ಹೊರದೇಶಗಳ ತರಗತಿಗಳಿಗೆ ಒದಗಿಸುತ್ತಿದೆ.